ಗ್ಲೈಆಕ್ಸಾಲ್ ಹಾಕಿದರೆ ಹಾಳೆ ಹಳದಿಯಾಗುತ್ತದೆಯೇ?

ಪ್ರಶ್ನೆ: ಗಮ್ ಪ್ರಿಂಟ್‌ಗೆಂದು (ಗೋಂದಿನಲ್ಲಿ ಕಲಸಿದ ಬಣ್ಣವನ್ನು ಪದರ ಪದರವಾಗಿ ಬಳಿದು ಹಾಳೆಯ ಮೇಲೆ ಫೋಟೋ ಮೂಡಿಸುವ ವಿಧಾನ) ಹಾಳೆಗೆ ಜೆಲಟಿನ್ ಬಳಿದ ಮೇಲೆ, ಅದು ನೀರಿನಲ್ಲಿ ಕರಗದಂತೆ ಗಟ್ಟಿಮಾಡಲು ಯಾವ ಹಾರ್ಡನರ್ ಒಳ್ಳೆಯದು? ಗ್ಲೈಆಕ್ಸಾಲ್ ಎಂಬ ಹಾರ್ಡನರ್‌ನಿಂದ ಹಾಳೆ ಹಳದಿಯಾಗುತ್ತದಂತೆ, ನಿಜವೇ?

ಈ ಮಾತಿಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿಯಾಗಿ ಹೇಳಿಬಿಡುತ್ತೇನೆ.

ಹಳದಿ ಬರುವುದು ತೊಳೆಯದೆ ಬಿಟ್ಟ ಗ್ಲೈಆಕ್ಸಾಲ್‌ನಿಂದ. ಜೆಲಟಿನ್ ತನಗೆ ಬೇಕಾದಷ್ಟನ್ನು ಹಿಡಿದುಕೊಂಡ ಮೇಲೆ ಮಿಕ್ಕಿದ್ದು ಹಾಳೆಯ ನಾರಿನಲ್ಲೇ ಕೂತು, ತಿಂಗಳುಗಳು ಕಳೆದಂತೆ ಬಣ್ಣ ತಿರುಗುತ್ತದೆ. ಒಮ್ಮೆ ಒಂದೇ ಹಾಳೆಯನ್ನು ಎರಡಾಗಿ ಹರಿದು, ಅರ್ಧವನ್ನು ತೊಳೆದು ಅರ್ಧವನ್ನು ಹಾಗೇ ಒಣಗಿಸಿಟ್ಟಿದ್ದೆ. ತೊಳೆದದ್ದು ಬೆಳ್ಳಗೇ ಉಳಿಯಿತು. ತೊಳೆಯದ ಅರ್ಧ ಹಳೇ ಪುಸ್ತಕದ ಅಂಚಿನಂತಾಯಿತು. ಶೇ. 40ರ ಗ್ಲೈಆಕ್ಸಾಲ್ 25 ಮಿ.ಲೀ. ಒಂದು ಲೀಟರ್ ನೀರಿಗೆ ಸಾಕು. ಐದು ನಿಮಿಷ ಅದ್ದಿ, ಆಮೇಲೆ ನೀರು ಬದಲಿಸುತ್ತಾ ತಣ್ಣೀರಿನಲ್ಲಿ ಹತ್ತು ನಿಮಿಷ ತೊಳೆಯಿರಿ. "ಗಟ್ಟಿಯಾಗಲಿ" ಎಂದು ಎರಡರಷ್ಟು ಸುರಿಯುವವರೇ ಆಮೇಲೆ ಹಳದಿಯ ದೂರು ತರುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಗಟ್ಟಿಯಾಗಿದೆಯೋ ಇಲ್ಲವೋ ನೋಡಲು, ಎರಡು ಬೆರಳಗಲದ ಚೂರನ್ನು 45 ಡಿಗ್ರಿ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಹೆಬ್ಬೆರಳಿನಿಂದ ಉಜ್ಜಿ. ಲೋಳೆಯಂತೆ ಜಾರಿದರೆ ಇನ್ನೂ ಆಗಿಲ್ಲ.

ಬೇರೆ ಹಾರ್ಡನರ್‌ಗಳಲ್ಲಿ ಫಾರ್ಮಾಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಹಳದಿಯ ತಂಟೆಯೂ ಇಲ್ಲ. ಆದರೆ ಅದರ ಆವಿ ಕ್ಯಾನ್ಸರ್‌ಕಾರಕ. ಮನೆಯೊಳಗೆ ಅದರ ಬಾಟಲಿ ತೆರೆಯಬೇಡಿ. ಗ್ಲೈಆಕ್ಸಾಲ್‌ಗೆ ಅಷ್ಟು ಘಾಟು ಇಲ್ಲ ಎಂದು ಬರಿಗೈಯಲ್ಲಿ ಮುಟ್ಟುವುದೂ ಬೇಡ, ಚರ್ಮ ಕೆಣಕುತ್ತದೆ. ಮೂರನೆಯ ಹಾರ್ಡನರ್ ಕ್ರೋಮ್ ಆಲಂಗೆ ಆವಿಯ ಗೋಳಿಲ್ಲ. ಆದರೆ ಜೆಲಟಿನ್‌ಗೆ ಬೆರೆಸಿದ ಮೇಲೆ ಬೇಗ ಬಳಿದು ಮುಗಿಸಬೇಕು, ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಹಾಳೆಗೆ ನಸು ಹಸಿರು ಛಾಯೆಯೂ ಬರಬಹುದು. ನನ್ನ ಆಯ್ಕೆ ಗ್ಲೈಆಕ್ಸಾಲ್.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ಜೆಲಟಿನ್ ಬಳಿಯುವ ಮೊದಲು ಹಾಳೆಯನ್ನು ಬಿಸಿನೀರಿನಲ್ಲಿ ನೆನೆಸಿ ಒಣಗಿಸಿದ್ದೀರಾ? ಹಾಳೆ ಕುಗ್ಗುವುದಿದ್ದರೆ ಆಗಲೇ ಕುಗ್ಗಿ ಮುಗಿಯಬೇಕು. ಇಲ್ಲದಿದ್ದರೆ ಮೊದಲ ಪದರ ತೊಳೆದು ಒಣಗುವಷ್ಟರಲ್ಲಿ ಹಾಳೆ ಕಿರಿದಾಗಿ, ಎರಡನೇ ಪದರಕ್ಕೆ ನೆಗೆಟಿವ್ ಇಟ್ಟಾಗ ಚಿತ್ರದ ಮುಖದಲ್ಲಿ ಒಂದು ಕಣ್ಣು ಸರಿಯಾಗಿ ಕೂತರೆ ಇನ್ನೊಂದು ಕಣ್ಣು ಕೂರುವುದಿಲ್ಲ. ಆಗ ಬೈಸಿಕೊಳ್ಳುವುದು ಮಾತ್ರ ಪಾಪದ ಹಾರ್ಡನರ್.