ಎಡಗೈಗೆ ತಕಿಟ ತಕಿಟ ತಕ

ಮೈಸೂರಿನ ನಮ್ಮ ಮನೆಯಲ್ಲಿ ಸಂಜೆ ಕೀಬೋರ್ಡ್ ಮುಂದೆ ಕೂತರೆ ಬಲಗೈ ಹೇಳಿದ ಮಾತು ಕೇಳುತ್ತದೆ. ಎಡಗೈ ಕೇಳಲ್ಲ. ತಾಳದ ಪೆಟ್ಟು ಬಿಟ್ಟು ಸಂದಿಯಲ್ಲಿ ಬಾ ಅಂದರೆ, ಪೆಟ್ಟಿನ ಮೇಲೇ ಬಂದು ಬೀಳುತ್ತದೆ. ಹೀಗೆ ಸಂದಿಯಲ್ಲಿ ಒತ್ತು ಕೊಡುವುದಕ್ಕೇ ಸಿಂಕೋಪೇಷನ್ ಅನ್ನುತ್ತಾರೆ.

ತಪ್ಪು ಪೂರ್ತಿ ಕೈಯದಲ್ಲ. ಎರಡೂ ತೋರುಬೆರಳುಗಳನ್ನು ಮುಂದೆ ಚಾಚಿ, ಬಸ್ಸಿನ ವೈಪರ್ ಥರ ಎರಡನ್ನೂ ಎಡಕ್ಕೆ, ಎರಡನ್ನೂ ಬಲಕ್ಕೆ ಆಡಿಸಿ ನೋಡಿ. ವೇಗ ಜಾಸ್ತಿ ಮಾಡಿ. ಒಂದು ಹಂತದಲ್ಲಿ ಎರಡೂ ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ ಹೋಗತೊಡಗುತ್ತವೆ, ಕನ್ನಡಿಯಲ್ಲಿ ಕಂಡ ಹಾಗೆ. ಸ್ಕಾಟ್ ಕೆಲ್ಸೊ ಎಂಬ ವಿಜ್ಞಾನಿ 1980ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ಎಡಗೈಗೆ ಅಪ್ಪಣೆ ಹೊರಡುವುದು ಮುಖ್ಯವಾಗಿ ಮಿದುಳಿನ ಬಲಭಾಗದಿಂದ, ಬಲಗೈಗೆ ಎಡಭಾಗದಿಂದ. ಆದರೆ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ ಇದೆ, ಕಾರ್ಪಸ್ ಕಲೋಸಮ್. ಅಕ್ಕಪಕ್ಕದ ಮನೆಯ ಜಗಲಿ ಇದ್ದ ಹಾಗೆ, ಯಾವ ಗುಟ್ಟೂ ಉಳಿಯಲ್ಲ.

ಇದಕ್ಕೆ ನಾನು ಹಿಡಿದ ದಾರಿ ಕರ್ನಾಟಕ ಸಂಗೀತದ ಮೊದಲ ಪಾಠ, ಸರಳೆ ವರಸೆಯದು. ಪಾಶ್ಚಾತ್ಯರ ಸಿ ಮೇಜರ್ ಅಂದರೆ ನಮ್ಮ ಶಂಕರಾಭರಣ ರಾಗದ ಸ್ವರಗಳೇ ಅಲ್ವಾ? ಬಲಗೈ ತೊಡೆ ತಟ್ಟಲಿ, ಎರಡು ಸ್ವರಕ್ಕೊಂದು ಪೆಟ್ಟು: ಸ, ಗ, ಪ, ನಿ. ಎಡಗೈ ಎಂಟೂ ಸ್ವರ ನುಡಿಸಲಿ, ಒತ್ತು ಮಾತ್ರ ತಕಿಟ ತಕಿಟ ತಕ, ಅಂದರೆ ಮೂರು, ಮೂರು, ಎರಡರ ಲೆಕ್ಕಕ್ಕೆ: ಸ, ಮ, ನಿ. ಸ ಮತ್ತು ನಿ ಪೆಟ್ಟಿನ ಜೊತೆಗೇ ಬರುತ್ತವೆ. ಮ ಒಂದೇ ಸಂದಿಯಲ್ಲಿ ನಿಲ್ಲುತ್ತದೆ. ಆ ಒಂದೇ ಒಂದು ಮ ನನ್ನನ್ನು ಎರಡು ವಾರ ಆಡಿಸಿತು.

ಮ ಸರಿಹೋದ ಮೇಲೆ ಇನ್ನೊಂದು ತೊಡಕು. ಏರುವಾಗ ಎಡಗೈ ಬೆರಳುಗಳು ಕಿರುಬೆರಳಿನಿಂದ ಶುರುವಾಗಿ ಪ ಹೊತ್ತಿಗೆ ಹೆಬ್ಬೆರಳಿಗೆ ಬಂದು ಮುಗಿದುಬಿಡುತ್ತವೆ. ದ ನುಡಿಸಲು ಮಧ್ಯದ ಬೆರಳು ಹೆಬ್ಬೆರಳನ್ನು ದಾಟಿ ಬರಬೇಕು. ದಾಟಿದ ರಭಸಕ್ಕೆ ದ ಸುಮ್ನೆ ಗಟ್ಟಿಯಾಗಿ ಕೇಳಿಸುತ್ತದೆ, ಬೇಡದ ಕಡೆ ಒತ್ತು. ಅದಕ್ಕೇ ಪ ದ, ಪ ದ ಅಂತ ಅಷ್ಟನ್ನೇ ಮೆತ್ತಗೆ, ಬಹಳ ನಿಧಾನವಾಗಿ ನುಡಿಸುತ್ತೇನೆ. ವೇಗ ಏರಿಸಿದರೆ ವೈಪರ್ ಕಥೆಯೇ.

ಇದೇ ಊರಿನ ಅರಮನೆಯಲ್ಲಿ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತೆ ಪಡೆದಿದ್ದರು. ಅವರ ಹೆಬ್ಬೆರಳೂ ಪ ಹತ್ತಿರ ಹೀಗೇ ಸಿಕ್ಕಿಹಾಕಿಕೊಂಡಿರಬೇಕು, ಅರಸರ ಕೈಗೇನು ಬೇರೆ ಮೂಳೆ ಇರುತ್ತದೆಯೇ?