ಮುದ್ದೆಯಿಂದ ಉಗಾಂಡಾಕ್ಕೆ ಎಷ್ಟು ದೂರ?

"ಮಕ್ಕಳಿಗೆ ಬೇರೆ ದೇಶಗಳ ಸಂಸ್ಕೃತಿ ಪರಿಚಯ ಮಾಡಿಸಬೇಕು, ಒಂದು ಕಾರ್ಯಾಗಾರ ಮಾಡಿಕೊಡಿ" ಅಂತ ಶಾಲೆಗಳವರು ಕರೆಯುತ್ತಾರೆ. ನಾನು ಹೋಗುವಷ್ಟರಲ್ಲಿ ಸಿದ್ಧತೆ ಜೋರಾಗಿಯೇ ನಡೆದಿರುತ್ತದೆ. ಬಣ್ಣದ ಕಾಗದದ ಬಾವುಟಗಳು, ಕಿಮೋನೊ ಸುತ್ತಿಕೊಂಡ ಹುಡುಗಿ. ಆಫ್ರಿಕಾದ ಪಾಲಿಗೆ ಮುಖಕ್ಕೆ ಇದ್ದಿಲು ಮೆತ್ತಿ ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡ ಇಬ್ಬರು ಹುಡುಗರು. ಮಕ್ಕಳಿಗೆ ಖುಷಿಯೇನೋ ಆಗುತ್ತದೆ. ಆದರೆ ಮನೆಗೆ ಒಯ್ಯುವುದು ಒಂದೇ ಮಾತು: ಹೊರಗಿನವರು ವಿಚಿತ್ರ ಜನ. ಇದ್ದಿಲು ತೊಳೆಸದೆ ನಾನಂತೂ ಮಾತು ಶುರು ಮಾಡುವುದಿಲ್ಲ.

ಬೇರೆ ದೇಶಕ್ಕೆ ಹೋಗುವ ದಾರಿ ಮಗುವಿನ ಊಟದ ತಟ್ಟೆಯಿಂದ ಹೊರಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹಳೇ ಮೈಸೂರು ಕಡೆಯ ಶಾಲೆಗಳಲ್ಲಿ ಏಳು, ಎಂಟನೇ ತರಗತಿಗೆ ನಾನು ಮಾಡುವುದು ರಾಗಿ ಪಾಠ. ಎಲ್ಲರೂ ಮನೆಯಿಂದ ಒಂದೊಂದು ಹಿಡಿ ರಾಗಿ ತರುತ್ತಾರೆ. ಅದನ್ನು ಮೊರಕ್ಕೆ ಸುರಿದು, "ಇದು ಯಾವ ಊರಿಂದು?" ಅಂತ ಕೇಳುತ್ತೇನೆ. ಮಂಡ್ಯ, ಹಾಸನ, ಕೋಲಾರ, "ನಮ್ ತಾತನ ಹೊಲದ್ದು ಮಿಸ್". ಎಲ್ಲವೂ ಸರಿಯೇ. ಆಮೇಲೆ ಗ್ಲೋಬ್ ತಿರುಗಿಸಿ ಇಥಿಯೋಪಿಯಾ, ಉಗಾಂಡಾದ ಎತ್ತರದ ನಾಡಿನ ಮೇಲೆ ಬೆರಳಿಡುತ್ತೇನೆ. ಸಾವಿರಾರು ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ರಾಗಿಯನ್ನು ಪಳಗಿಸಿದವರು ಈ ಕಡೆಯ ರೈತರು, ಅಲ್ಲಿಂದ ಅದು ನಮ್ಮಲ್ಲಿಗೆ ಬಂತು ಅನ್ನುತ್ತೇನೆ. ತರಗತಿಯಲ್ಲಿ ಗಲಾಟೆಯೋ ಗಲಾಟೆ. ಯಾರೂ ಒಪ್ಪುವುದಿಲ್ಲ. ತಕ್ಷಣ ಒಪ್ಪಿಸುವ ಆತುರ ನನಗೂ ಇಲ್ಲ, ಸ್ವಲ್ಪ ಜಗಳ ಆಡಲಿ.

ಜಗಳ ತಣ್ಣಗಾದ ಮೇಲೆ ಉಗಾಂಡಾದ ಕಾಲೋ ಅನ್ನುವ ಊಟದ ಚಿತ್ರ ತೋರಿಸುತ್ತೇನೆ. ಕುದಿಯುವ ನೀರಿಗೆ ರಾಗಿ ಹಿಟ್ಟು, ಎಷ್ಟೋ ಮನೆಗಳಲ್ಲಿ ಮರಗೆಣಸಿನ ಹಿಟ್ಟನ್ನೂ ಬೆರೆಸಿ, ತಿರುವಿ ತಿರುವಿ ಗಟ್ಟಿ ಮಾಡುತ್ತಾರೆ. ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಗಂಟಾಗಲ್ವಾ ಮಿಸ್? ಅವರತ್ರ ಮುದ್ದೆ ಕೋಲು ಇದೆಯಾ?" ಅಂತ ಕೇಳಿದ. ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲದಾಗ ಮುದ್ದೆ ತೊಳಸುವವನು ಅವನೇ ಅಂತ ಆಮೇಲೆ ಗೊತ್ತಾಯಿತು. ಅವನ ಪ್ರಶ್ನೆಯಲ್ಲಿ "ಅಯ್ಯೋ ಪಾಪ" ಇರಲಿಲ್ಲ. ಒಬ್ಬ ಅಡುಗೆಯವನು ಇನ್ನೊಬ್ಬ ಅಡುಗೆಯವರ ಬಗ್ಗೆ ವಿಚಾರಿಸಿದ ಹಾಗಿತ್ತು. ನನಗೆ ಬೇಕಿರುವುದೂ ಅಷ್ಟೇ.

"ನಮ್ಮಿಂದ ಅವರಿಗೆ ಏನು ಹೋಗಿದೆ?" ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಆಗ ಚಪಾತಿ ಕಥೆ. 1896ರಿಂದ 1901ರವರೆಗೆ ಬ್ರಿಟಿಷರು ಈಗಿನ ಕೀನ್ಯಾದ ಬಂದರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ರೈಲು ಹಳಿ ಹಾಕಿಸಿದರು. ಅದಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಹೆಚ್ಚಿನವರು ಪಂಜಾಬಿನ ಕಡೆಯವರು. ಎರಡು ಸಾವಿರಕ್ಕೂ ಜಾಸ್ತಿ ಜನ ಅಲ್ಲೇ ಸತ್ತರು. ಭಾರತೀಯರ ಜೊತೆ ಹೋದ ಚಪಾತಿ ಈಗ ಅಲ್ಲಿಯ ಮನೆಮನೆಯ ತಿಂಡಿ. ಉಗಾಂಡಾದ ರಾಜಧಾನಿ ಕಂಪಾಲಾದ ಬೀದಿಗಳಲ್ಲಿ ಆಮ್ಲೆಟ್ ಸುತ್ತಿದ ಚಪಾತಿಗೆ ರೋಲೆಕ್ಸ್ ಅಂತ ಹೆಸರು. ಮಕ್ಕಳು ನಗುತ್ತಾರೆ. ನಗು ಮುಗಿದ ಮೇಲೆ 1972ರ ವಿಷಯವನ್ನೂ ಹೇಳುತ್ತೇನೆ. ಆ ವರ್ಷ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್, 90 ದಿನದೊಳಗೆ ದೇಶ ಬಿಡಿ ಅಂತ ಅಲ್ಲಿಯ ಏಷ್ಯನ್ನರಿಗೆ ಆಜ್ಞೆ ಮಾಡಿದ. ಬರೀ ಸಿಹಿ ಸುದ್ದಿ ಹೇಳಿ ಬಂದರೆ ಅದು ಪ್ರವಾಸಿ ಜಾಹೀರಾತು ಆಗುತ್ತದೆ, ಅಲ್ವಾ?

ಇನ್ನೊಂದು ಚಟುವಟಿಕೆಗೆ ಬೇಕಿರುವುದು ಗ್ಲೋಬ್, ಬಟರ್ ಪೇಪರ್, ಕತ್ತರಿ. ಗ್ಲೋಬಿನ ಮೇಲೆ ಕಾಗದ ಇಟ್ಟು ಭಾರತದ ಗಡಿ ಗೀಚಿಕೊಂಡು ಕತ್ತರಿಸಬೇಕು. ಆ ಚೂರನ್ನು ಆಫ್ರಿಕಾದ ಮೇಲೆ ಸರಿಸುತ್ತಾ, ಎಷ್ಟು ಭಾರತ ಹಿಡಿಸುತ್ತವೆ ಅಂತ ಎಣಿಸಬೇಕು. ಮೂರು, ನಾಲ್ಕು ಅಂದುಕೊಂಡಿದ್ದವರು ಒಂಬತ್ತರ ಹತ್ತಿರ ಬಂದು ನಿಲ್ಲುತ್ತಾರೆ. ಫೋನಿನ ಚಪ್ಪಟೆ ಮ್ಯಾಪ್‌ನಲ್ಲಿ ಇದನ್ನು ಮಾಡಬೇಡಿ. ಅದರಲ್ಲಿ ಧ್ರುವಗಳ ಕಡೆಗೆ ಹೋದಂತೆ ನೆಲ ಹಿಗ್ಗುತ್ತದೆ. ಹದಿನಾಲ್ಕು ಪಟ್ಟು ಚಿಕ್ಕದಾದ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಆಫ್ರಿಕಾದಲ್ಲಿ 54 ದೇಶಗಳಿವೆ ಅಂತ ಬಾಯಿಪಾಠ ಮಾಡಿಸುವುದಕ್ಕಿಂತ ಕತ್ತರಿ ಕೊಡುವುದು ವಾಸಿ. "ಆಫ್ರಿಕಾದಲ್ಲಿ ಏನು ತಿಂತಾರೆ?" ಅನ್ನುವ ಪ್ರಶ್ನೆ ಆಮೇಲೆ "ಆಫ್ರಿಕಾದಲ್ಲಿ ಎಲ್ಲಿ?" ಅಂತ ಬದಲಾಗುತ್ತದೆ.

ಹವಾಮಾನದ ವಿಷಯಕ್ಕೆ ಬರುವುದು ಇಷ್ಟೆಲ್ಲ ಆದ ಮೇಲೆ. ಮೊದಲೇ ಬರಗಾಲದ ಫೋಟೊ ತೋರಿಸಿದರೆ ಮಕ್ಕಳು ಅನುಕಂಪದಲ್ಲೇ ನಿಂತುಬಿಡುತ್ತಾರೆ. ಇಥಿಯೋಪಿಯಾ, ಕೀನ್ಯಾ, ಸೊಮಾಲಿಯಾದ ಬಹಳಷ್ಟು ಕಡೆ ವರ್ಷಕ್ಕೆ ಎರಡು ಮಳೆಗಾಲ. 2020ರ ಕೊನೆಯಿಂದ 2022ರವರೆಗೆ ಅಲ್ಲಿ ಸತತ ಐದು ಮಳೆಗಾಲ ಕೈಕೊಟ್ಟವು. 2023ರಲ್ಲಿ ನಮ್ಮಲ್ಲೂ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದರು, ಅದು ಮಕ್ಕಳಿಗೆ ನೆನಪಿದೆ. ಹಾಗಾಗಿ ಅವರ ಪ್ರಶ್ನೆಗಳು ನೇರವಾಗಿ ಬರುತ್ತವೆ. ದನಗಳಿಗೆ ಮೇವು ಎಲ್ಲಿಂದ ತಂದರು? ಅಲ್ಲೂ ಸಾಲಮನ್ನಾ ಮಾಡ್ತಾರಾ? ರಾಗಿ ಬರ ತಡೆಯುತ್ತಲ್ಲ, ಜಾಸ್ತಿ ಜನ ಅದನ್ನೇ ಯಾಕೆ ಬೆಳೆಯಲ್ಲ? ಆಗ ಬೋರ್ಡಿನ ಮೇಲೆ ಎರಡೇ ಸಂಖ್ಯೆ ಬರೆಯುತ್ತೇನೆ. ಜಗತ್ತಿನ ನೂರು ಜನರಲ್ಲಿ ಸುಮಾರು 18 ಮಂದಿ ಆಫ್ರಿಕಾದವರು. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅವರ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಬೋರ್ಡ್ ನೋಡುತ್ತಾ ಮಕ್ಕಳೇ ವಾದ ಶುರು ಮಾಡುತ್ತಾರೆ. ನಾನು ಸುಮ್ನೆ ಪಕ್ಕಕ್ಕೆ ಸರಿಯುತ್ತೇನೆ. ಇದಕ್ಕೆಲ್ಲ ಒಂದು ಪೀರಿಯಡ್ ಸಾಲದು, ಎರಡನ್ನು ಒಟ್ಟಿಗೆ ಕೇಳಿ ಪಡೆಯಿರಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇದನ್ನು ಮಾಡುವವರಿಗೆ ಒಂದು ಕಿವಿಮಾತು. ಅಲ್ಲಿ ತರಗತಿಯಲ್ಲಿ ಸಿದ್ದಿ ಮಕ್ಕಳು ಇರಬಹುದು. ಅವರ ಹಿರಿಯರನ್ನು ಶತಮಾನಗಳ ಹಿಂದೆ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತಂದರು, ಬಹಳ ಜನರನ್ನು ಗುಲಾಮರಾಗಿ. ಈ ಮಕ್ಕಳು ಕನ್ನಡ, ಕೊಂಕಣಿ ಮಾತಾಡುವ ಈ ನೆಲದವರು. "ನಿಮ್ಮ ದೇಶದಲ್ಲಿ ಹೇಗೆ?" ಅಂತ ಅವರನ್ನು ಎಬ್ಬಿಸಿ ನಿಲ್ಲಿಸಬೇಡಿ. ಉಗಾಂಡಾದ ಬಗ್ಗೆ ಅವರಿಗೆ ಗೊತ್ತಿರುವುದೂ ಪಕ್ಕದ ಬೆಂಚಿನ ಮಗುವಿಗೆ ಗೊತ್ತಿರುವಷ್ಟೇ. ಗುಲಾಮಗಿರಿಯ ಇತಿಹಾಸ ಹೇಳಬೇಕಾದರೆ ಯಾರು ಮಾರಿದರು, ಯಾರು ಕೊಂಡರು ಅನ್ನುವುದನ್ನು ಹೇಳಿ. ಮಗು ತಾನಾಗಿ ಮಾತಾಡಿದರೆ ಕೇಳಿಸಿಕೊಳ್ಳಿ. ತರಗತಿ ಶಿಕ್ಷಕರಿಗೂ ಇದನ್ನು ಒಳಗೆ ಹೋಗುವ ಮೊದಲೇ ತಿಳಿಸಿ. ಎಷ್ಟೋ ಸಲ ಒಳ್ಳೆಯ ಉದ್ದೇಶದಿಂದಲೇ ಆ ಮಗುವಿನ ಕಡೆ ಬೆರಳು ತೋರಿಸಿಬಿಡುವುದು ಅವರೇ.