ಇಳಿಜಾರಿನಲ್ಲಿ ಕಾರು ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಸಾಕಾ, ಗೇರೂ ಬೇಕಾ?

ಓದುಗರ ಪ್ರಶ್ನೆ: ನಮ್ಮ ಮನೆ ಮಡಿಕೇರಿಯಲ್ಲಿ, ಒಳ್ಳೆ ಏರು ರಸ್ತೆಯಲ್ಲಿದೆ. ಕಾರು ರಸ್ತೆ ಬದಿಯಲ್ಲೇ ನಿಲ್ಲಬೇಕು. ಮ್ಯಾನ್ಯುವಲ್ ಗೇರಿನ ಹಳೇ ಕಾರು. ಹ್ಯಾಂಡ್ ಬ್ರೇಕ್ ಎಳೆದರೆ ಸಾಕು, ಗೇರಲ್ಲಿ ಬಿಟ್ಟರೆ ಗೇರ್ ಬಾಕ್ಸ್ ಹಾಳಾಗುತ್ತೆ ಅಂತ ಅಣ್ಣ ಹೇಳ್ತಾರೆ. ಗೇರಲ್ಲಿ ಬಿಟ್ಟರೆ ಸಾಕು, ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಜಾಮ್ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳ್ತಾರೆ. ಯಾರ ಮಾತು ಕೇಳಲಿ?

ಎರಡೂ ಹಾಕಿ. ದಿನಾ, ತಪ್ಪದೇ. ಐದು ನಿಮಿಷ ಹಾಲು ತರಲು ಇಳಿದರೂ ಸರಿ, ರಾತ್ರಿಯಿಡೀ ನಿಲ್ಲಿಸಿದರೂ ಸರಿ. ನಿಮ್ಮ ಅಣ್ಣನೂ ಪಕ್ಕದ ಮನೆಯವರೂ ಹ್ಯಾಂಡ್ ಬ್ರೇಕ್ ಮತ್ತು ಗೇರನ್ನು ಒಂದೇ ಕೆಲಸದ ಎರಡು ದಾರಿ ಅಂದುಕೊಂಡಿದ್ದಾರೆ. ಹಾಗಲ್ಲ. ಅವೆರಡೂ ಕಾರನ್ನು ಬೇರೆ ಬೇರೆ ಜಾಗದಲ್ಲಿ ಹಿಡಿಯುತ್ತವೆ, ಕೈಕೊಡುವುದೂ ಬೇರೆ ಬೇರೆ ಕಾರಣಕ್ಕೆ.

ಮೊದಲು ಎಷ್ಟು ಭಾರ ಹಿಡಿಯಬೇಕು ಅನ್ನೋದು ನೋಡಿ. ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆ ಅಂದುಕೊಳ್ಳಿ, ಮಡಿಕೇರಿಯಲ್ಲಿ ಅದೇನೂ ಜಾಸ್ತಿ ಅಲ್ಲ. ಅಲ್ಲಿ ನಿಂತ 1000 ಕಿಲೋ ಕಾರನ್ನು ಇಳಿಜಾರು ಸುಮಾರು 100 ಕಿಲೋ ಬಲದಿಂದ ಕೆಳಗೆ ಎಳೆಯುತ್ತಿರುತ್ತದೆ. ಅಂದರೆ ಕಾರಿಗೆ ಹಗ್ಗ ಕಟ್ಟಿ ಎರಡು ಸಿಮೆಂಟ್ ಮೂಟೆ ಕೆಳಗೆ ನೇತುಬಿಟ್ಟ ಹಾಗೆ. ಏರು ಇದರ ಎರಡರಷ್ಟಿದ್ದರೆ ನಾಲ್ಕು ಮೂಟೆ. ನೀವು ಮಲಗಿದ ಮೇಲೂ ಆ ಎಳೆತ ನಿಲ್ಲುವುದಿಲ್ಲ.

ಈಗ ಹ್ಯಾಂಡ್ ಬ್ರೇಕ್. ಕಾಲಿನ ಬ್ರೇಕ್ ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಹ್ಯಾಂಡ್ ಬ್ರೇಕ್ ಹಾಗಲ್ಲ. ನೀವು ಎಳೆಯೋ ಲಿವರಿನಿಂದ ಒಂದು ಉಕ್ಕಿನ ಕೇಬಲ್ ಹಿಂದಿನ ಎರಡು ಚಕ್ರಕ್ಕೆ ಹೋಗುತ್ತದೆ, ಅದು ಡ್ರಮ್ಮಿನ ಒಳಗಿನ ಬ್ರೇಕ್ ಶೂಗಳನ್ನು ಅಗಲಿಸಿ ಒತ್ತಿ ಹಿಡಿಯುತ್ತದೆ, ಅಷ್ಟೇ. ಹೊಸ ಕಾರಿನಲ್ಲಿ ಇದು ಗಟ್ಟಿಯಾಗೇ ಇರುತ್ತದೆ. ಕಾರುಗಳ ಬ್ರೇಕಿಗಾಗಿ ಇರುವ ವಿಶ್ವಸಂಸ್ಥೆಯ 13-ಎಚ್ ನಿಯಮದ ಪ್ರಕಾರ, ಪೂರ್ತಿ ಭಾರ ತುಂಬಿದ ಕಾರನ್ನು ಪಾರ್ಕಿಂಗ್ ಬ್ರೇಕ್ ಶೇಕಡಾ 20ರ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕು. ಆದರೆ ವರ್ಷಗಳು ಕಳೆದಂತೆ ಕೇಬಲ್ ಹಿಗ್ಗುತ್ತದೆ, ಶೂ ಸವೆಯುತ್ತದೆ. ನಾಳೆ ಬೆಳಿಗ್ಗೆ ಲಿವರ್ ನಿಧಾನವಾಗಿ ಎಳೆದು ಎಷ್ಟು ಸಲ ಕಟ್ ಕಟ್ ಅನ್ನುತ್ತೆ ಎಣಿಸಿ. ಸರ್ವೀಸ್ ಆದ ಹೊಸದರಲ್ಲಿ ಐದಾರಕ್ಕೆ ಬಿಗಿಯಾಗುತ್ತಿದ್ದದ್ದು ಈಗ ಹತ್ತಾಗಿದ್ದರೆ, ಲಿವರ್ ನೆಟ್ಟಗೆ ಮೇಲೆ ಬರುತ್ತಿದ್ದರೆ, ಮೆಕ್ಯಾನಿಕ್ ಹತ್ತಿರ ಹೋಗಿ ಟೈಟ್ ಮಾಡಿಸಿ. ದೊಡ್ಡ ಕೆಲಸವೇನಲ್ಲ.

ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಇರುವ ಕಾರಾದರೆ ಇನ್ನೊಂದು ವಿಷಯ ಇದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಬ್ರೇಕ್ ಒತ್ತುತ್ತಾ ಇಳಿದು ಬಂದಾಗ ಡಿಸ್ಕ್ ಕಾದಿರುತ್ತದೆ. ಆ ಬಿಸಿಯಲ್ಲೇ ಹ್ಯಾಂಡ್ ಬ್ರೇಕ್ ಎಳೆದು ಟೀ ಕುಡಿಯಲು ಹೋಗುತ್ತೀರಿ. ಡಿಸ್ಕ್ ಆರುತ್ತಾ ಒಂದು ಕೂದಲೆಳೆಯಷ್ಟು ಕುಗ್ಗಿದರೂ ಹಿಡಿತ ಸಡಿಲವಾಗುತ್ತದೆ. ನಿಲ್ಲಿಸಿದಾಗ ಅಲುಗಾಡದ ಕಾರು ಹತ್ತಿಪ್ಪತ್ತು ನಿಮಿಷದ ಮೇಲೆ ತಾನಾಗಿ ಹೊರಡೋದು ಹೀಗೇ. ಅಂಥ ಕಡೆ ಒಂದು ಕಟ್ ಜಾಸ್ತಿಯೇ ಎಳೆಯಿರಿ.

ಗೇರಿನ ಕಥೆ ಬೇರೆ. ಎಂಜಿನ್ ಆಫ್ ಮಾಡಿ ಗೇರಲ್ಲಿ ಬಿಟ್ಟರೆ, ಚಕ್ರ ಉರುಳಬೇಕಾದರೆ ಎಂಜಿನ್ನನ್ನೂ ತಿರುಗಿಸಬೇಕು, ಎಂಜಿನ್ ತಿರುಗಬೇಕಾದರೆ ಸಿಲಿಂಡರಿನ ಒಳಗಿನ ಗಾಳಿಯನ್ನು ಒತ್ತಬೇಕು. ಆ ಗಾಳಿಯೇ ಕಾರನ್ನು ತಡೆಯೋದು. ಸಣ್ಣ ಕಾರುಗಳಲ್ಲಿ ಒಂದನೇ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ ಸುಮಾರು 14 ಸುತ್ತು ಸುತ್ತಬೇಕು. ಐದನೇ ಗೇರಿನಲ್ಲಿ ಮೂರೋ ನಾಲ್ಕೋ ಸುತ್ತು ಸಾಕು. ಅದಕ್ಕೇ ನಿಲ್ಲಿಸಲು ಒಂದನೇ ಗೇರು ಇಲ್ಲವೇ ರಿವರ್ಸ್. ಬೇರೆ ಯಾವುದೂ ಬೇಡ.

ಆದರೆ ಒತ್ತಿದ ಗಾಳಿ ಪಿಸ್ಟನ್ ಪಕ್ಕದಿಂದ ನಿಧಾನವಾಗಿ ಸೋರಿ ಹೋಗುತ್ತದೆ. ಕಡಿದಾದ ಏರಿನಲ್ಲಿ ಬರೀ ಗೇರಿನ ಮೇಲೆ ಬಿಟ್ಟ ಕಾರನ್ನು ಗಮನಿಸಿ ನೋಡಿದ್ದೀರಾ? ಸ್ವಲ್ಪ ಹೊತ್ತು ಸುಮ್ನೆ ನಿಂತಿರುತ್ತದೆ. ಆಮೇಲೆ ಟುಕ್ ಅಂತ ಎರಡು ಇಂಚು ಜಾರಿ ಮತ್ತೆ ನಿಲ್ಲುತ್ತದೆ. ಇನ್ನೊಂದಷ್ಟು ಹೊತ್ತಿಗೆ ಮತ್ತೆ ಟುಕ್. ಒಂದು ಸಿಲಿಂಡರಿನ ಗಾಳಿ ಸೋರಿತು, ಮುಂದಿನದು ಹಿಡಿಯಿತು ಅಂತ ಅರ್ಥ. ಎಂಜಿನ್ ಹಳೆಯದಾಗಿ ಕಂಪ್ರೆಷನ್ ಕಡಿಮೆಯಾಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಗೇರ್ ಬಾಕ್ಸ್ ಹಾಳಾಗುತ್ತೆ ಅನ್ನೋದು ಸುಳ್ಳು. ಓಡುವಾಗ ಆ ಹಲ್ಲುಗಳು ಹೊರುವ ಹೊರೆಯ ಮುಂದೆ ಇದು ಏನೂ ಅಲ್ಲ.

ಯಾವ ಗೇರು? ಕಾರಿನ ಮೂತಿ ಮೇಲಕ್ಕಿದ್ದರೆ ಒಂದನೇ ಗೇರು, ಕೆಳಕ್ಕಿದ್ದರೆ ರಿವರ್ಸ್. ಹಿಡಿತದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ. ಆದರೆ ನಾಳೆ ಯಾರಾದರೂ ಮರೆತು ಗೇರಲ್ಲೇ ಕೀ ತಿರುಗಿಸಿದರೆ ಕಾರು ಏರಿನ ಕಡೆಗೆ ಒಮ್ಮೆ ಜಿಗಿದು ಅಲ್ಲೇ ಆಫ್ ಆಗುತ್ತದೆ. ಉಲ್ಟಾ ಹಾಕಿದ್ದರೆ ಅದೇ ಜಿಗಿತ ಇಳಿಜಾರಿನ ಕಡೆಗೆ. ಮಕ್ಕಳಿರುವ ಮನೆಯಲ್ಲಿ ಇದು ನೆನಪಿರಲಿ.

ಕಾರು ಯಾವುದು ಅಂತ ನೀವು ಬರೆದಿಲ್ಲ, ಅದೂ ಮುಖ್ಯ. ಆಲ್ಟೊ, ಸ್ವಿಫ್ಟ್, ಐ10 ತರಹದವುಗಳಲ್ಲಿ ಎಂಜಿನ್ ಮುಂದಿನ ಚಕ್ರ ತಿರುಗಿಸುತ್ತದೆ. ಹಾಗಾಗಿ ಗೇರು ಮುಂದಿನ ಚಕ್ರ ಹಿಡಿಯುತ್ತದೆ, ಹ್ಯಾಂಡ್ ಬ್ರೇಕ್ ಹಿಂದಿನದು. ನಾಲ್ಕೂ ಚಕ್ರ ಹಿಡಿದಂತಾಯಿತು. ಓಮ್ನಿ, ಈಕೋ, ಬೊಲೆರೊದಲ್ಲಿ ಹಾಗಲ್ಲ. ಎಂಜಿನ್ನೂ ಹಿಂದಿನ ಚಕ್ರಕ್ಕೇ, ಹ್ಯಾಂಡ್ ಬ್ರೇಕೂ ಹಿಂದಿನ ಚಕ್ರಕ್ಕೇ. ಮುಂದಿನ ಎರಡನ್ನು ಹಿಡಿಯುವವರೇ ಇಲ್ಲ.

ಇದನ್ನು ನಾನು ಕಲಿತದ್ದು ಸಕಲೇಶಪುರದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ, ಒಂದು ಜುಲೈ ತಿಂಗಳಲ್ಲಿ. ಓಮ್ನಿಯನ್ನು ಅಂಗಳದ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಿವರ್ಸ್ ಗೇರಿಗೂ ಹಾಕಿ ಒಳಗೆ ಹೋಗಿದ್ದೆ. ಕಾಫಿ ಕುಡಿಯುವಾಗ ಮಳೆ ಜೋರಾಯಿತು. ಧಡ್ ಅಂತ ಸದ್ದಾಗಿ ಹೊರಗೆ ಬಂದರೆ ಗಾಡಿ ನಾಲ್ಕು ಅಡಿ ಕೆಳಗೆ ಹೋಗಿ ಕಲ್ಲಿನ ಕಟ್ಟೆಗೆ ತಗುಲಿ ನಿಂತಿದೆ. ಬ್ರೇಕ್ ಬಿಟ್ಟಿತು ಅಂತಲೇ ಎಲ್ಲರೂ ಅಂದುಕೊಂಡೆವು. ಆದರೆ ನೆಲದ ಪಾಚಿಯ ಮೇಲೆ ಹಿಂದಿನ ಎರಡು ಚಕ್ರದ ಗುರುತು ನೇರವಾಗಿ, ನುಣ್ಣಗೆ ಇತ್ತು, ಟೈರಿನ ಹೂವಿನ ಅಚ್ಚೇ ಇಲ್ಲ. ಚಕ್ರ ತಿರುಗಿರಲಿಲ್ಲ, ಹಾಗೇ ಜಾರಿತ್ತು. ಮೂತಿ ಕೆಳಗಿದ್ದರೆ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ, ಹಿಂದೆ ಹಗುರ. ಖಾಲಿ ಓಮ್ನಿಯಂತೂ ಹಿಂದೆ ಮೊದಲೇ ಹಗುರ. ಹತ್ತು ನಿಮಿಷದ ಹಿಂದೆ ಚಿಕ್ಕಮ್ಮನ ಮೊಮ್ಮಗಳು ಅದೇ ಕಟ್ಟೆಯ ಮೇಲೆ ಕೂತಿದ್ದಳು. ಅದನ್ನು ನೆನೆದರೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ.

ಅವತ್ತಿನಿಂದ ಡಿಕ್ಕಿಯಲ್ಲಿ ಎರಡು ಮರದ ತುಂಡು ಇಟ್ಟುಕೊಂಡಿದ್ದೇನೆ, ಒಂದು ಬದಿ ಇಳಿಜಾರಾಗಿ ಕೊಯ್ಸಿದ್ದು. ಲಾರಿಯವರು ನಿಲ್ಲಿಸಿದ ಕೂಡಲೇ ಚಕ್ರಕ್ಕೆ ಕಲ್ಲು ಕೊಡೋದನ್ನು ನೋಡಿರುತ್ತೀರಿ, ಅದೇ ಕೆಲಸ. ತುಂಡು ಯಾವಾಗಲೂ ಚಕ್ರದ ಇಳಿಜಾರಿನ ಕಡೆ, ಟೈರಿಗೆ ತಾಗಿಕೊಂಡೇ ಇರಬೇಕು. ನಡುವೆ ಒಂದು ಗೇಣು ಜಾಗ ಬಿಟ್ಟರೆ ಕಾರು ವೇಗ ಹಿಡಿದು ಹತ್ತಿಬಿಡುತ್ತದೆ.

ಸ್ಟೇರಿಂಗ್ ತಿರುಗಿಸಿ ನಿಲ್ಲಿಸೋದು ನಮ್ಮಲ್ಲಿ ಕಡಿಮೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶೇಕಡಾ 3ಕ್ಕಿಂತ ಜಾಸ್ತಿ ಇಳಿಜಾರಿದ್ದರೆ ಚಕ್ರ ತಿರುಗಿಸದೆ ನಿಲ್ಲಿಸುವಂತಿಲ್ಲ, ದಂಡ ಬೀಳುತ್ತದೆ. ಲೆಕ್ಕ ಸುಲಭ. ಮುಂದಕ್ಕೆ ಉರುಳಲಿ, ಹಿಂದಕ್ಕೆ ಉರುಳಲಿ, ಸ್ಟೇರಿಂಗ್ ತಿರುಗಿಸಿದ ಕಡೆಗೇ ಕಾರು ಹೋಗುತ್ತದೆ. ಎಡಗಡೆ ಗುಡ್ಡವೋ ಚರಂಡಿಯೋ ಇದ್ದರೆ ಎಡಕ್ಕೆ ತಿರುಗಿಸಿ. ಎತ್ತರದ ಫುಟ್‌ಪಾತ್ ಕಲ್ಲಿದ್ದು ಕಾರಿನ ಮೂತಿ ಮೇಲಿದ್ದರೆ ಮಾತ್ರ ಬಲಕ್ಕೆ ತಿರುಗಿಸಿ, ಟೈರಿನ ಹಿಂಭಾಗ ಕಲ್ಲಿಗೆ ತಾಗುವ ತನಕ ನಿಧಾನ ಹಿಂದೆ ಬಿಡಿ. ಘಟ್ಟದಲ್ಲಿ ಎಡಗಡೆ ಕಣಿವೆ ಇದ್ದರೆ? ಅಲ್ಲಿ ನಿಲ್ಲಿಸಲೇ ಬೇಡಿ. ಮುಂದೆ ಹೋಗಿ ಜಾಗ ಹುಡುಕಿ.

ನಿಲ್ಲಿಸುವ ಕ್ರಮದಲ್ಲೂ ಒಂದು ಸೂಕ್ಷ್ಮ ಇದೆ. ಕಾಲಿನ ಬ್ರೇಕ್ ಗಟ್ಟಿ ಒತ್ತಿಕೊಂಡೇ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಈಗ ಕಾಲಿನ ಬ್ರೇಕ್ ಮೆಲ್ಲಗೆ ಸಡಿಲಿಸಿ. ಕಾರು ಒಂದು ಚೂರು ತೂಗಿ ಕೂರುತ್ತದೆ, ಅಲ್ವಾ? ಕೂತು ನಿಂತರೆ ಹ್ಯಾಂಡ್ ಬ್ರೇಕ್ ಭಾರ ಹೊತ್ತಿದೆ. ಇನ್ನೂ ಜಾರುತ್ತಿದ್ದರೆ ನೀವು ಕಾರಿನ ಒಳಗಿರುವಾಗಲೇ ಗೊತ್ತಾಯಿತು, ಇನ್ನೊಂದು ಕಟ್ ಎಳೆಯಿರಿ. ಆಮೇಲೆ ಎಂಜಿನ್ ಆಫ್, ಕ್ಲಚ್ ಒತ್ತಿ ಗೇರು, ಕ್ಲಚ್ ಬಿಡಿ. ಮೊದಲೇ ಗೇರಿಗೆ ಹಾಕಿ ಕಾಲು ತೆಗೆದರೆ ಭಾರ ಎಂಜಿನ್ ಮೇಲೆ ಕೂರುತ್ತದೆ, ಹ್ಯಾಂಡ್ ಬ್ರೇಕ್ ಹಿಡಿದಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಪಕ್ಕದ ಮನೆಯವರ ಮಾತಿನಲ್ಲಿ ನಿಜ ಇದೆ. ಕೊಡಗಿನ ಮಳೆಯಲ್ಲಿ ವಾರಗಟ್ಟಲೆ ನಿಂತ ಕಾರಿನ ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ದಿನಾ ಓಡಿಸುವ ಕಾರಿಗೆ ಆ ಚಿಂತೆ ಬೇಡ. ಊರಿಗೆ ಹೋಗುವುದಿದ್ದರೆ ಯಾರದಾದರೂ ಸಮತಟ್ಟು ಅಂಗಳದಲ್ಲಿ ಬಿಟ್ಟು, ಗೇರಿಗೆ ಹಾಕಿ, ಚಕ್ರದ ಎರಡೂ ಕಡೆ ಕಲ್ಲಿಟ್ಟು ಹೋಗಿ, ಅಲ್ಲಿ ಹ್ಯಾಂಡ್ ಬ್ರೇಕ್ ಬೇಡ. ಇಳಿಜಾರಿನಲ್ಲಾದರೆ ಬೇಕೇ ಬೇಕು. ಅಂಟಿದ ಬ್ರೇಕ್ ಬಿಡಿಸಲು ಮೆಕ್ಯಾನಿಕ್ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಕೂಡ ಚಾಲಕ ಇಲ್ಲದಾಗ ವಾಹನ ತಾನಾಗಿ ಚಲಿಸದಂತೆ ನೋಡಿಕೊಳ್ಳೋದು ಓಡಿಸುವವರ ಹೊಣೆ ಅನ್ನುತ್ತದೆ.

ಪಂಕ್ಚರ್ ಆದಾಗ ಗೇರನ್ನು ನಂಬಲೇಬೇಡಿ. ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಮುಂದಿನ ಒಂದು ಚಕ್ರವನ್ನು ಜಾಕ್‌ನಲ್ಲಿ ಎತ್ತಿದರೆ, ಎತ್ತಿದ ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುತ್ತದೆ, ನೆಲದ ಮೇಲಿರುವ ಇನ್ನೊಂದು ಉರುಳುತ್ತದೆ. ಗೇರು ಇದ್ದೂ ಇಲ್ಲದ ಹಾಗೆ. ಇಳಿಜಾರಿನಲ್ಲಿ ಜಾಕ್ ಹಾಕದಿದ್ದರೇ ಒಳ್ಳೆಯದು, ಹಾಕಲೇಬೇಕಾದರೆ ಕಲ್ಲು ಕೊಟ್ಟ ಮೇಲೆ. ಮತ್ತೆ, ಕಾರು ಹೊರಟುಬಿಟ್ಟರೆ ಅಡ್ಡ ನಿಂತು ತಳ್ಳಿ ತಡೆಯಲು ಹೋಗಬೇಡಿ. ಕಿರುಚಿ ಜನರನ್ನು ಸರಿಸಿ.

ಬೆಳಿಗ್ಗೆ ಹೊರಡುವಾಗ ಮೊದಲು ಕಾಲಿನ ಬ್ರೇಕ್, ಆಮೇಲೆ ಕ್ಲಚ್, ನ್ಯೂಟ್ರಲ್, ಕೊನೆಗೆ ಕೀ. ಮೂತಿ ಮೇಲಿದ್ದರೆ ಒಂದಡಿ ಏರಿಸಿ, ಕೆಳಗಿದ್ದರೆ ರಿವರ್ಸಿನಲ್ಲಿ ಒಂದಡಿ ಹಿಂದೆ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು ನೀವು ಸೀಟಿನಲ್ಲೇ ಇರಿ, ಕಲ್ಲನ್ನು ಮನೆಯವರು ಪಕ್ಕದಿಂದ ಕೈಚಾಚಿ ತೆಗೆಯಲಿ. ತೆಗೆದ ಕಲ್ಲು ಗೇಟಿನ ಒಳಗೇ ಹೋಗಬೇಕು. ರಸ್ತೆಯಲ್ಲಿ ಬಿಟ್ಟರೆ ಸಂಜೆ ಮಂಜಿನಲ್ಲಿ ಬರುವ ಸ್ಕೂಟರಿನವರಿಗೆ ಅದು ಕಾಣುವುದಿಲ್ಲ.